ಚಿತ್ರವಿಲ್ಲದ ಕಾರ್ಡು
ಹಳೆಯ ಚಿತ್ರದ ಕಾರ್ಡುಗಳು ಊರಿನ ಇತಿಹಾಸ ಹೇಳುತ್ತವೆ, ನಿಜ. ಆದರೆ ಹೇಳುವುದು ಮಾರಾಟವಾಗುವ ನೋಟವನ್ನಷ್ಟೇ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬಂತು. ಥಾಣೆ ಖಾಡಿಯ ಸೇತುವೆ ಮೇಲಿನ ರೈಲಿನ ಚಿತ್ರ ಇಂದಿಗೂ ಪ್ರಸಿದ್ಧ. ಕಲ್ಲು ಹೊತ್ತವರ ಕತೆ ಅದರಲ್ಲಿಲ್ಲ.

ಡೊಂಬಿವಲಿಯ ಚಾಳುಗಳಿಂದ ನಮ್ಮವರು ಊರಿಗೆ ಬರೆಯುತ್ತಿದ್ದುದು ಹೆಚ್ಚಾಗಿ ಚಿತ್ರವಿಲ್ಲದ ಅಂಚೆ ಕಾರ್ಡಿನಲ್ಲಿ. ಬಾಡಿಗೆ, ಮನಿಯಾರ್ಡರು, ಮಗುವಿನ ಜ್ವರ: ಚಿತ್ರಕ್ಕೆ ಸಿಗದವರ ಇತಿಹಾಸ ಅಲ್ಲಿದೆ. ಹಾಗೆಂದು ಅದನ್ನು ಪ್ರದರ್ಶನಕ್ಕಿಡಬಹುದೇ? ತೆರೆದ ಕಾಗದ ತಾನೇ, ಅಂಚೆಯವನೂ ಓದಿರುತ್ತಾನೆ ಎನ್ನಬಹುದು. ಅವರು ಕಾರ್ಡು ಬರೆದದ್ದು ಅಗ್ಗವೆಂದು, ಎಲ್ಲರೂ ಓದಲಿ ಎಂದಲ್ಲ. ಬಡತನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಅಡಗಿಸಿಟ್ಟರೂ ಸರಿಯಲ್ಲ, ಆಗ ಸೇತುವೆಯ ಚಿತ್ರವಷ್ಟೇ ಉಳಿಯುತ್ತದೆ. ಕಾರ್ಡು ಕಾಪಾಡೋಣ, ಮನೆಯವರನ್ನು ಕೇಳೋಣ, ಹೆಸರು ಮುಚ್ಚಿ ತೋರಿಸೋಣ.