ಎರಡು ತಿಂಗಳ ಖರ್ಚು ಯಾರದು?

ಸಂಡೂರಿನ ಅದಿರು ಲಾರಿಗಳು ಓಡಾಡುವ ದಾರಿಯಲ್ಲಿ ಬೇವಿನ ಎಲೆ, ಮನೆಯ ಗೋಡೆ, ಚಹಾದಂಗಡಿಯ ಬಿಸ್ಕತ್ತಿನ ಡಬ್ಬಿ ಎಲ್ಲಕ್ಕೂ ಒಂದೇ ಬಣ್ಣ. ಆ ಕೆಂಪು ಧೂಳು ಎದೆಗೆ ಎಷ್ಟು ಇಳಿದಿದೆ ಎಂದು ಲಾರಿ ಕ್ಲೀನರ್ ಹುಡುಗನನ್ನು ಕೇಳಿದರೆ, "ಕೆಮ್ಮು ಇದ್ದದ್ದೇ ಬಿಡ್ರಿ" ಅಂದುಬಿಡುತ್ತಾನೆ. ಅವನ ಬಾಯಿಗೆ ಸ್ಪೈರೋಮೀಟರಿನ ಕೊಳವೆ ಕೊಟ್ಟು, ಉಸಿರು ತುಂಬಿಕೊಂಡು ಜೋರಾಗಿ ಊದಪ್ಪ ಅಂದರೆ ಶ್ವಾಸಕೋಶದ ಬಲ ಅಂಕಿಯಲ್ಲಿ ಸಿಗುತ್ತದೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಯಂತ್ರ, ಒಂದು ಪ್ರಶ್ನಾವಳಿ, ಅವನ ಮಾತು ಬಲ್ಲ ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು.

ಅಂಥ ವಿದ್ಯಾರ್ಥಿಗಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ಅಲ್ಪಾವಧಿ ಶಿಷ್ಯವೇತನ ಶುರುಮಾಡಿತು. ಎಂಬಿಬಿಎಸ್, ಬಿಡಿಎಸ್ ಓದುವವರು ತಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಪ್ರಸ್ತಾವ ಬರೆದು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಎರಡು ತಿಂಗಳು ಕೆಲಸ ಮಾಡಿ ವರದಿ ಕೊಡಬೇಕು. ಇತ್ತೀಚಿನ ವರ್ಷಗಳಲ್ಲಿ ಇದರ ಮೊತ್ತ 50,000 ರೂಪಾಯಿ. ಆಯುರ್ವೇದ ವಿದ್ಯಾರ್ಥಿಗಳಿಗೆ 2022ರಿಂದ ಸ್ಪಾರ್ಕ್ ಹೆಸರಿನ ಇಂಥದೇ ಯೋಜನೆಯಿದೆ. ಬಳ್ಳಾರಿಯ ತಾರಾನಾಥ ಆಯುರ್ವೇದ ಕಾಲೇಜಿನ ಮಕ್ಕಳು ಇದನ್ನು ತಿಳಿದಿರಲೇಬೇಕು.

ತೊಡಕಿರುವುದು ಹಣ ಕೈಗೆ ಬರುವ ಹೊತ್ತಿನಲ್ಲಿ. ವರದಿ ಒಪ್ಪಿಗೆಯಾದ ಮೇಲಷ್ಟೇ ಶಿಷ್ಯವೇತನ. ಚಿತ್ತವಾಡ್ಗಿಯ ಕೂಲಿ ಕುಟುಂಬದ ಹುಡುಗಿಯೊಬ್ಬಳು ಬಳ್ಳಾರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ ಎಂದುಕೊಳ್ಳಿ. ಸಂಡೂರಿಗೆ ದಿನವೂ ಬಸ್ಸು, ಪ್ರಶ್ನಾವಳಿಯ ಜೆರಾಕ್ಸು, ಮಧ್ಯಾಹ್ನದ ಊಟ. ಪ್ರಸ್ತಾವ ಆಯ್ಕೆಯಾದರೂ ಈ ಖರ್ಚನ್ನೆಲ್ಲ ಮೊದಲು ಮನೆಯವರೇ ಭರಿಸಬೇಕು. ಉಳ್ಳವರ ಮಕ್ಕಳಿಗೆ ಇದು ಲೆಕ್ಕಕ್ಕೇ ಬಾರದ ದುಡ್ಡು. ಇವಳು ಅರ್ಜಿಯನ್ನೇ ಹಾಕದೆ ಸುಮ್ಮನಾಗುತ್ತಾಳೆ. ಧೂಳಿನ ಮನೆಗಳಲ್ಲಿ ಸಲೀಸಾಗಿ ಕೂತು ಮಾತಾಡಬಲ್ಲವಳು ಮಾತ್ರ ಇವಳೇ. ನನಗೆ ಸಂಕಟವಾಗುವುದು ಇಲ್ಲಿ.

ವಿದ್ಯಾರ್ಥಿಯ ಕೆಲಸವೆಂದರೆ ಬರೀ ಅಭ್ಯಾಸಕ್ಕೆ ಮಾಡುವುದು ಎಂಬ ತಾತ್ಸಾರ ನಮ್ಮಲ್ಲಿದೆ. ಮೇದೋಜೀರಕ ಗ್ರಂಥಿಯೊಳಗಿನ ಪುಟ್ಟ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ವಿವರಿಸಿದ ಪಾಲ್ ಲ್ಯಾಂಗರ್‌ಹ್ಯಾನ್ಸ್ ಆಗ ಬರ್ಲಿನ್ನಿನಲ್ಲಿ ವೈದ್ಯ ವಿದ್ಯಾರ್ಥಿ. ಆ ಗುಂಪುಗಳಿಂದಲೇ ಬರುವ ಇನ್ಸುಲಿನ್ನನ್ನು ಹುಡುಕಲು 1921ರ ಬೇಸಿಗೆಯಲ್ಲಿ ಟೊರೊಂಟೊದಲ್ಲಿ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಜೊತೆ ನಿಂತ ಚಾರ್ಲ್ಸ್ ಬೆಸ್ಟ್‌ಗೆ ಇಪ್ಪತ್ತೆರಡು ವರ್ಷ, ಪದವಿ ಆಗಷ್ಟೇ ಮುಗಿದಿತ್ತು. ಆ ಬೇಸಿಗೆಯ ದುಡಿಮೆಗೆ ಅವರಿಬ್ಬರಿಗೂ ಸಂಬಳ ಸಿಕ್ಕಿದ್ದು ಆಮೇಲೆ. ಕೈಖಾಲಿಯಾದ ಬ್ಯಾಂಟಿಂಗ್ ತಮ್ಮ ಕಾರನ್ನೇ ಮಾರಬೇಕಾಯಿತು. ಚಿತ್ತವಾಡ್ಗಿಯ ಹುಡುಗಿ ಏನು ಮಾರಬೇಕು?

ದಾರಿ ನಮ್ಮ ನೆಲದಲ್ಲೇ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಗಣಿ ಕಂಪನಿಗಳು ಹಣ ಕಟ್ಟುತ್ತವೆ. ಅದು ಗಣಿಬಾಧಿತ ಜನರ ಹಣ. ಆರೋಗ್ಯ, ಶಿಕ್ಷಣ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು ಸೇರಿ ವರ್ಷಕ್ಕೆ ಇಪ್ಪತ್ತು ವಿದ್ಯಾರ್ಥಿಗಳಿಗೆ ತಲಾ 50,000 ಕೊಟ್ಟರೂ ಹತ್ತು ಲಕ್ಷವಾಗುತ್ತದೆ, ಅಷ್ಟೆ. ಅರ್ಧ ಹಣ ಕೆಲಸ ಶುರುವಾಗುವ ಮೊದಲೇ ಕೈಗೆ ಬರಲಿ. ಕಂಪ್ಲಿಯ ಗದ್ದೆಗಳಲ್ಲಿ ಔಷಧಿ ಹೊಡೆಯುವವರು, ಏಪ್ರಿಲ್ ಬಿಸಿಲಲ್ಲಿ ಹಂಪಿಯ ಬಂಡೆಗಳ ನಡುವೆ ದುಡಿಯುವವರು, ಇವರೂ ಅಧ್ಯಯನಕ್ಕೆ ಬರಲಿ.

ನರ್ಸಿಂಗ್ ಮಕ್ಕಳನ್ನು ಮಾತ್ರ ಮರೆಯಬಾರದು. ಐಸಿಎಂಆರ್ ಯೋಜನೆ ಅವರಿಗಿಲ್ಲ. ವಾರ್ಡಿನಲ್ಲಿ ರಾತ್ರಿಯಿಡೀ ಕೆಮ್ಮು ಕೇಳಿಸಿಕೊಳ್ಳುವವರು ಅವರೇ. ಜಿಲ್ಲೆಯ ಹಣದಲ್ಲಿ ಶಿಷ್ಯವೇತನ ಶುರುವಾದರೆ ಮೊದಲ ಪಟ್ಟಿಯಲ್ಲೇ ಅವರ ಹೆಸರೂ ಇರಬೇಕು.