ಗಾಯವಾದ ಬೆಕ್ಕೂ ಮನೆಯವರ ಹೊಣೆಯೂ

ಕಣಜದಲ್ಲಿ ಕಾಳಿರುವ ಮನೆಗೆ ಇಲಿ ಬರುವದು, ಇಲಿ ಬರುವ ಮನೆಗೆ ಬೆಕ್ಕು ಬೇಕಾಗುವದು. ಆದದರಿಂದ ನಮ್ಮ ಹಳ್ಳಿಗಳಲ್ಲಿ ಬೆಕ್ಕನ್ನು ಸಾಕುವವರು ಬಹು ಮಂದಿ. ಆದರೆ ಹೆಣ್ಣು ಬೆಕ್ಕು ಐದಾರು ತಿಂಗಳ ಪ್ರಾಯದಲ್ಲಿಯೇ ಗರ್ಭ ಧರಿಸುವದುಂಟು. ಸುಮಾರು ೬೩ ದಿವಸಗಳಲ್ಲಿ ಮರಿಹಾಕುತ್ತದೆ. ವರುಷಕ್ಕೆ ಎರಡು ಮೂರು ಸಾರಿ ಹೀಗಾಗಬಹುದು. ಮರಿಗಳು ಹೆಚ್ಚಿದಾಗ ಅನೇಕರು ಮಾಡುವದೇನೆಂದು ನಮಗೆಲ್ಲರಿಗೂ ಗೊತ್ತುಂಟು. ಅವುಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆಯ ಬಯಲಲ್ಲಾಗಲಿ ಹೊಳೆಯ ಆಚೇ ದಡದಲ್ಲಾಗಲಿ ಬಿಟ್ಟುಬರುತ್ತಾರೆ. ಹಸಿವೂ ಬೀದಿಯ ನಾಯಿಗಳೂ ಉಳಿದದ್ದನ್ನು ಮುಗಿಸುತ್ತವೆ. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆದುಬಿಡುವದು ನಮ್ಮ ದೇಶದ ೧೯೬೦ನೇ ಇಸವಿಯ ಕಾಯಿದೆಯ ಪ್ರಕಾರ ಅಪರಾಧವೇ ಆಗಿದೆ.

ಇದಕ್ಕಿಂತ ಒಳ್ಳೇ ಮಾರ್ಗ ಒಂದುಂಟು. ಪಶುವೈದ್ಯರು ಬೆಕ್ಕಿಗೆ ಅರಿವು ತಪ್ಪುವ ಔಷಧವನ್ನು ಕೊಟ್ಟು, ಹೊಟ್ಟೆಯನ್ನು ಸ್ವಲ್ಪವಾಗಿ ಕೊಯ್ದು, ಅಂಡಾಶಯಗಳನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆದು ಹೊಲಿದುಬಿಡುತ್ತಾರೆ. ಆಮೇಲೆ ಮರಿಗಳಾಗುವದಿಲ್ಲ, ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ತಪ್ಪುತ್ತದೆ.

ಆದರೆ ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಮನುಷ್ಯನಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಕಾರಣವನ್ನು ತಿಳಿಸಿ ಅವನ ಒಪ್ಪಿಗೆಯನ್ನು ಕೇಳುತ್ತಾರೆ. ಬೆಕ್ಕಿಗೆ ಏನೆಂದು ತಿಳಿಸೋಣ? ದಿನಾಲು ಹಾಲು ಹೊಯ್ಯುವ ಕೈಗಳೇ ತನ್ನನ್ನು ಹಿಡಿದು ಬುಟ್ಟಿಯಲ್ಲಿ ಮುಚ್ಚಿದವೆಂದೂ, ಅರಿಯದ ಸ್ಥಳದಲ್ಲಿ ತನ್ನನ್ನು ಒಪ್ಪಿಸಿಬಿಟ್ಟವೆಂದೂ, ಎಚ್ಚತ್ತಾಗ ಹೊಟ್ಟೆಯಲ್ಲಿ ನೋವಿತ್ತೆಂದೂ ಅದು ಬಲ್ಲದು. ಇದಕ್ಕಿಂತ ಹೆಚ್ಚು ಬಲ್ಲದಿಲ್ಲ. ಹೀಗಿರಲಾಗಿ ಕಾರಣವನ್ನು ತಿಳಿಯಲಾರದ ಜೀವಕ್ಕೆ ಅದರ ಒಪ್ಪಿಗೆಯಿಲ್ಲದೆ ನೋವನ್ನು ಉಂಟುಮಾಡುವ ಅಧಿಕಾರ ನಮಗುಂಟೋ?

ಅದು ಬರೇ ಪ್ರಾಣಿಯಲ್ಲವೇ, ಚಿಂತೆ ಯಾಕೆ ಎನ್ನುವವರುಂಟು. ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ದೇಕಾರ್ತ್ ಎಂಬ ತತ್ವಜ್ಞಾನಿಯು ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಆದರೆ ೧೭೮೯ರಲ್ಲಿ ಇಂಗ್ಲೆಂಡಿನ ಬೆಂಥಮ್ ಎಂಬವನು, ಬುದ್ಧಿಯಿಂದಲ್ಲ, ನೋವುಣ್ಣುವ ಶಕ್ತಿಯಿಂದಲೇ ಈ ಸಂಗತಿಯನ್ನು ಅಳೆಯಬೇಕೆಂದು ಬರೆದನು. ೨೦೧೯ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಬೆಕ್ಕಿನ ಮೋರೆಯಲ್ಲಿಯೇ ನೋವನ್ನು ಓದುವ ಕ್ರಮವನ್ನು ಪ್ರಕಟಿಸಿದರು. ಕಿವಿಗಳ ನಿಲುವು, ಕಣ್ಣುಗಳ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಗಳ ನಿಲುವು, ತಲೆಯ ಬಾಗುವಿಕೆ ಎಂಬ ಐದು ಗುರುತುಗಳನ್ನು ನೋಡಿ ನೋವೆಷ್ಟೆಂದು ಅಂದಾಜು ಮಾಡುತ್ತಾರೆ. ಆದದರಿಂದ ಅದಕ್ಕೆ ನೋವೇ ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯು ಈಗ ಮುಚ್ಚಿಹೋಗಿದೆ.

ಹಾಗಾದರೆ ಮುಟ್ಟದೆ ಸುಮ್ಮನಿರುವದೇ ದಯೆಯೆಂದು ಬೇರೆ ಕೆಲವರು ಹೇಳಾರು. ಈ ಮಾತು ಮೃದುವಾಗಿ ಕೇಳುತ್ತದೆ. ಆದರೆ ಸುಮ್ಮನಿರುವವನೂ ಒಂದನ್ನು ನಿಶ್ಚಯಿಸಿದವನೇ. ಅವನ ನಿಶ್ಚಯದ ನೋವು ಸಂತೆಯ ಬಯಲಲ್ಲಿ ಬಿಟ್ಟ ಮರಿಗಳ ಪಾಲಿಗೆ ಬರುತ್ತದೆ. ಅದನ್ನು ಅವನು ನೋಡುವದಿಲ್ಲ, ಅಷ್ಟೇ. ಮನೆಯಲ್ಲಿ ಸಾಕಿದ ಪ್ರಾಣಿಯ ವಿಷಯದಲ್ಲಿ ನಾವು ನಿಶ್ಚಯಿಸಲೇಬೇಕು. ಬೆಕ್ಕು ತಾನಾಗಿ ನಿಶ್ಚಯಿಸಲಾರದು.

ಆದಕಾರಣ ಅಧಿಕಾರ ಉಂಟು. ಆದರೆ ಅದು ಮನೆವಾರ್ತೆಯವನ ಅಧಿಕಾರವೇ ಹೊರತು ತನ್ನಿಷ್ಟದಂತೆ ಮಾಡುವ ಒಡೆಯನದಲ್ಲ. ಈ ಕೆಲಸದಲ್ಲಿ ನಮ್ಮ ಅನುಕೂಲವೂ ಸೇರಿದೆಯಲ್ಲವೋ? ಹಾಗಾದರೆ ಸಾಲವು ಮತ್ತಷ್ಟು ನಮ್ಮದೇ. ಅದನ್ನು ತೀರಿಸುವದು ವೈದ್ಯರ ಮೇಜಿನ ಮೇಲಲ್ಲ, ಅನಂತರದ ಹತ್ತು ಹದಿನಾಲ್ಕು ದಿವಸಗಳಲ್ಲಿ ನಮ್ಮ ಮನೆಯ ಮೂಲೆಯಲ್ಲಿ.

ಮೊದಲನೆಯ ರಾತ್ರಿ ಬೆಕ್ಕು ಅಮಲಿನಲ್ಲಿ ತೂರಾಡುತ್ತದೆ, ಅದರ ಮೈ ತಣ್ಣಗಾಗುತ್ತದೆ. ಅದನ್ನು ಅಟ್ಟದ ಮೇಲಾಗಲಿ ಮಂಚದ ಮೇಲಾಗಲಿ ಇಡದೆ, ನೆಲದಲ್ಲಿ ಒಣಗಿದ ಬಟ್ಟೆಯ ಮೇಲೆ, ಬೆಚ್ಚಗಿರುವ ಸ್ಥಳದಲ್ಲಿ ಮಲಗಿಸಬೇಕು. ಹಾರದಂತೆಯೂ ಹೊರಗೆ ಹೋಗದಂತೆಯೂ ಒಂದು ಕೋಣೆಯಲ್ಲಿ ಇಡಬೇಕು. ಬೆಕ್ಕಿನ ನಾಲಿಗೆಯು ಅರದಂತೆ ಒರಟಾದದ್ದು; ನೆಕ್ಕಿದರೆ ಹೊಲಿಗೆ ಬಿಚ್ಚೀತು. ಅದಕ್ಕಾಗಿಯೇ ವೈದ್ಯರು ಕೊರಳಿಗೆ ಅಗಲವಾದ ಪಟ್ಟಿಯನ್ನು ಕಟ್ಟುತ್ತಾರೆ. ಪಾಪವೆಂದು ಅದನ್ನು ಬಿಚ್ಚಿಬಿಡುವದು ಕನಿಕರವಲ್ಲ. ಬೆಳಿಗ್ಗೆಯೂ ಸಾಯಂಕಾಲವೂ ಗಾಯವನ್ನು ನೋಡಬೇಕು. ಕೀವು, ದುರ್ವಾಸನೆ, ರಕ್ತ, ಬಾಯಿಬಿಟ್ಟ ಹೊಲಿಗೆ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಒಂದು ಪೂರಾ ದಿವಸ ಏನೂ ತಿನ್ನದಿದ್ದರೆ ಆಗಲೂ ಹಾಗೆಯೇ ಮಾಡಬೇಕು. ಯಾಕಂದರೆ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುವದುಂಟು.

ಒಳ್ಳೇ ಮನಸ್ಸು ಇದ್ದರೆ ಸಾಲದು, ತಿಳುವಳಿಕೆಯೂ ಬೇಕು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಬೆಕ್ಕನ್ನು ಕೊಲ್ಲಬಲ್ಲದು; ಅದನ್ನು ಅರಗಿಸಿ ಹೊರಹಾಕುವ ಶಕ್ತಿಯು ಬೆಕ್ಕಿಗೆ ಸಾಲದೆ, ಅದರ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ. ಫಿನಾಯಿಲು ಸಹ ಅದಕ್ಕೆ ವಿಷ. ವೈದ್ಯರು ಹೇಳದ ಎಣ್ಣೆಯನ್ನಾಗಲಿ ಪುಡಿಯನ್ನಾಗಲಿ ಗಾಯಕ್ಕೆ ಹಚ್ಚಬಾರದು. ಪ್ರೀತಿಯಿಂದ ಕೊಟ್ಟ ವಿಷವೂ ವಿಷವೇ.

ಇಷ್ಟೆಲ್ಲಾ ಮಾಡಿದ ಮೇಲೆ ಬೆಕ್ಕು ಏನು ಮಾಡುತ್ತದೆ? ಔಷಧ ಕುಡಿಸುವ ಕೈಯನ್ನು ಪರಚುತ್ತದೆ. ನಮ್ಮನ್ನು ಕಂಡರೆ ಮೂಲೆಗೆ ಸರಿಯುತ್ತದೆ. ಆಗ ಕೆಲವರು ಬೇಸತ್ತು, ಇದು ಕೃತಘ್ನ ಪ್ರಾಣಿಯೆಂದು ಬಯ್ಯುತ್ತಾರೆ, ಒಂದು ಏಟನ್ನೂ ಹಾಕುತ್ತಾರೆ. ಇದು ನ್ಯಾಯವೋ? ಕಾರಣವನ್ನು ಬಲ್ಲವರು ನಾವು, ನೋವನ್ನು ಉಣ್ಣುವದು ಅದು. ತಿಳಿದವನೇ ತಾಳಿಕೊಳ್ಳದಿದ್ದರೆ ತಿಳಿಯದ ಪ್ರಾಣಿಯು ಹೇಗೆ ತಾಳೀತು? ಮಾತಿನಿಂದ ಹೇಳಲಾಗದ ಕಾರಣವನ್ನು ನಾವು ಮೆಲ್ಲಗಿನ ಕೈಯಿಂದಲೂ, ಹೊತ್ತಿಗೆ ಸರಿಯಾಗಿ ಇಟ್ಟ ಅನ್ನನೀರುಗಳಿಂದಲೂ ಹೇಳಬೇಕಾಗಿದೆ. ಅದು ಎಂದಿಗೂ ಅರ್ಥಮಾಡಿಕೊಳ್ಳದಿದ್ದರೂ ನಮ್ಮ ಕರ್ತವ್ಯವು ಕಡಿಮೆಯಾಗುವದಿಲ್ಲ.

ಮನುಷ್ಯರೇ ಔಷಧವಿಲ್ಲದೆ ಇರುವಾಗ ಬೆಕ್ಕಿಗೆ ಇಷ್ಟು ಶ್ರಮವೇ ಎಂದು ಯಾರಾದರೂ ಕೇಳಿದರೆ ಆ ಮಾತನ್ನು ತಳ್ಳಿಬಿಡಬಾರದು. ನೆರೆಯವನ ಮಗುವಿಗೆ ಬೇಕಾದ ಹಣವನ್ನು ಬೆಕ್ಕಿಗೆ ಸುರಿಯಿರೆಂದು ನಾವು ಹೇಳುವದಿಲ್ಲ. ಆದರೆ ಮೇಲೆ ಹೇಳಿದ ಉಪಚಾರಕ್ಕೆ ಬೇಕಾದದ್ದು ಒಂದು ಮೂಲೆ, ಒಂದು ಹಳೇ ಬಟ್ಟೆ, ದಿನಕ್ಕೆರಡು ಸಾರಿ ನೋಡುವ ಕಣ್ಣು. ಇವುಗಳನ್ನು ಉಳಿಸಿದ್ದರಿಂದ ನೆರೆಯವನ ಮಗುವಿಗೆ ಯಾವ ಲಾಭವೂ ಆಗದು.

ಅದಲ್ಲದೆ ಇದೇ ದೀರ್ಘಶಾಂತಿಯು ನಮ್ಮ ಮನೆಗಳಲ್ಲಿ ಬೇರೆ ಕಡೆಗೂ ಬೇಕಾಗಿದೆ. ಸೂಜಿಯ ಮದ್ದಿಗೆ ಅಳುವ ಕೂಸೂ, ಜ್ವರದಲ್ಲಿ ಬಡಬಡಿಸುವ ರೋಗಿಯೂ, ಮರೆವು ಬಂದು ಊಟ ಕೊಡುವ ಸೊಸೆಯನ್ನೇ ಬಯ್ಯುವ ಮುದಿ ಅತ್ತೆಯೂ ನಮ್ಮ ಉಪಚಾರದ ಕಾರಣವನ್ನು ಆ ಹೊತ್ತಿಗೆ ತಿಳಿಯಲಾರರು. ಇವರು ಬೆಕ್ಕಿಗೆ ಸಮಾನರೆಂದಲ್ಲ. ಉಪಚರಿಸುವವನಲ್ಲಿ ಇರಬೇಕಾದ ಮನಸ್ಸು ಒಂದೇ. ಆ ಮನಸ್ಸು ಉಪಕಾರವನ್ನು ಲೆಕ್ಕಕ್ಕೆ ಬರೆದಿಡುವದಿಲ್ಲ. ಆದದರಿಂದ ನಿಮ್ಮ ಮನೆಯ ಬೆಕ್ಕನ್ನು ವೈದ್ಯರ ಬಳಿಗೆ ಒಯ್ಯುವ ಮೊದಲು, ಅನಂತರದ ಹದಿನಾಲ್ಕು ದಿವಸ ಅದನ್ನು ನೋಡಿಕೊಳ್ಳುವವರು ಯಾರೆಂದು ಮನೆಯಲ್ಲಿ ಗೊತ್ತುಮಾಡಿರಿ. ಅದನ್ನು ಗೊತ್ತುಮಾಡಿದ ಮೇಲೆಯೇ ಬುಟ್ಟಿಯ ಮುಚ್ಚಳವನ್ನು ಹಾಕಿರಿ.