ಬಾಗಿಲ ಹೊರಗಿನ ಬೆಂಚು

ಒಮ್ಮೆ ದೇವಸಮುದ್ರದಿಂದ ಚಿತ್ರದುರ್ಗಕ್ಕೆ ಒಬ್ಬ ಹುಡುಗ ಮತ್ತು ಅವನ ಅಜ್ಜಿಯ ಜೊತೆ ಹೋಗಿದ್ದೆ. ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರಾಗಬೇಕಿತ್ತು. ಅವನ ಮೇಲಿದ್ದ ಆರೋಪ ಏನು, ಅದು ಯಾವ ವರ್ಷ, ಅವನು ಯಾರ ಮಗ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಹೋಬಳಿಯಲ್ಲಿ ಇವುಗಳಲ್ಲಿ ಒಂದು ಗೊತ್ತಾದರೆ ಉಳಿದೆರಡು ಸಂಜೆಯೊಳಗೆ ಗೊತ್ತಾಗುತ್ತವೆ.

ಒಳಗೆ ಯಾರು ಬರಲಿ ಎಂದು ಹುಡುಗನನ್ನು ಕೇಳಿದರು. ಅವನು ಅಜ್ಜಿಯ ಕೈ ಹಿಡಿದುಕೊಂಡ. ನನ್ನ ಕಡೆ ನೋಡದೆಯೇ, ‘ಇವರು ಬ್ಯಾಡ’ ಎಂದ. ಬಸ್ ಚಾರ್ಜು ಕೊಟ್ಟವನು ನಾನು, ವಕೀಲರೊಂದಿಗೆ ಮಾತಾಡಿದವನು ನಾನು. ಹೊರಗಿನ ಬೆಂಚಿನ ಮೇಲೆ ಕೂತಾಗ ಮೊದಲು ಬಂದದ್ದು ಸಿಟ್ಟು.

ಆ ಸಿಟ್ಟಿಗೆ ಒಂದು ತರ್ಕವೂ ಇತ್ತು. ನಮ್ಮ ಕಡೆ ನ್ಯಾಯ ಎಂದರೆ ಕಟ್ಟೆ. ಊರೆಲ್ಲ ಕೂತು ಕೇಳಬೇಕು. ಮುಚ್ಚಿದ ಬಾಗಿಲ ಹಿಂದೆ ನಡೆದದ್ದನ್ನು ಯಾರು ನಂಬುತ್ತಾರೆ? ನ್ಯಾಯಾಲಯದ ತತ್ವವೂ ಇದೇ. 1966ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ನರೇಶ್ ಮಿರಜ್ಕರ್ ಪ್ರಕರಣದಲ್ಲಿ ಹೇಳಿದ ಪ್ರಕಾರ, ವಿಚಾರಣೆ ಬಹಿರಂಗವಾಗಿ ನಡೆಯುವುದೇ ನಿಯಮ, ಮುಚ್ಚುವುದು ಅಪವಾದ. ಜನ ನೋಡುತ್ತಿದ್ದರೆ ನ್ಯಾಯಾಧೀಶರೂ ಎಚ್ಚರದಿಂದ ಇರುತ್ತಾರೆ.

ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಇದನ್ನು ತಿರುವಿ ಹಾಕಿದೆ. ಮಂಡಳಿಯ ಕೊಠಡಿಯಲ್ಲಿ ಎತ್ತರದ ಪೀಠವಿಲ್ಲ, ಕಟಕಟೆ ಇಲ್ಲ. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಪ್ರಕರಣಕ್ಕೆ ಸಂಬಂಧವಿಲ್ಲದವರು ಒಳಗಿರುವಂತಿಲ್ಲ. 2016ರ ಮಾದರಿ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ: ಯಾರ ಎದುರು ಮಗುವಿಗೆ ನಿರಾಳವೋ ಅವರು ಮಾತ್ರ ಇರಬೇಕು. ಅಂದರೆ ಹತ್ತಿರದವನಾಗಿರುವುದು ಹಕ್ಕಲ್ಲ. ಮಗು ನಂಬಿದರೆ ಮಾತ್ರ ಪ್ರವೇಶ.

ಹುಡುಗ ನನ್ನನ್ನು ಯಾಕೆ ನಂಬಲಿಲ್ಲ? ಬೆಂಚಿನ ಮೇಲೆ ಅದಕ್ಕೆ ಉತ್ತರ ಸಿಕ್ಕಿತು. ಅಜ್ಜಿ ಕೇಳಿದ್ದನ್ನು ಮನೆಗೆ ಒಯ್ಯುತ್ತಾಳೆ. ನಾನು ಕಟ್ಟೆಗೆ ಒಯ್ಯುತ್ತೇನೆ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ದೊರೆಯ ಮಾತು ಎಲ್ಲರಿಗೂ ಕಾಣುವಂತೆ, ಅಳಿಯದಂತೆ ಬಂಡೆಯ ಮೇಲಿರಲಿ, ಅದು ಸರಿಯೇ. ಆದರೆ ಹದಿನಾಲ್ಕು ಹದಿನೈದರ ಹುಡುಗನ ತಪ್ಪು ಬಂಡೆಗೆ ಏರಬಾರದು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್, ಕೆಲವು ಘೋರ ಪ್ರಕರಣಗಳನ್ನು ಬಿಟ್ಟು, ತಪ್ಪು ಸಾಬೀತಾದರೂ ಮುಂದೆ ಅದರಿಂದ ಯಾವ ಅನರ್ಹತೆಯೂ ತಟ್ಟಬಾರದು, ದಾಖಲೆಯನ್ನು ಕಾಲಾನಂತರ ನಾಶಪಡಿಸಬೇಕು ಎನ್ನುತ್ತದೆ. ಕಾಗದವನ್ನೇನೋ ನಾಶ ಮಾಡಬಹುದು. ಕೇಳಿಸಿಕೊಂಡ ನಾನು? ಒಳಗೆ ಕೂತ ಒಬ್ಬೊಬ್ಬ ಪ್ರೇಕ್ಷಕನೂ ಯಾವ ಕೋರ್ಟಿನ ಆದೇಶಕ್ಕೂ ಬಗ್ಗದ ಒಂದೊಂದು ಕಡತ.

ಮುಚ್ಚಿದ ಬಾಗಿಲಿಗೆ ಬೆಲೆಯೂ ಇದೆ. ಮುರುಘಾ ಮಠದ ಶಿವಮೂರ್ತಿ ಶರಣರು 2022ರ ಸೆಪ್ಟೆಂಬರಿನಲ್ಲಿ ಪೋಕ್ಸೊ ಕಾಯ್ದೆಯಡಿ ಬಂಧನಕ್ಕೊಳಗಾದಾಗ ಜಿಲ್ಲೆಯ ಟೀ ಅಂಗಡಿಗಳಲ್ಲೆಲ್ಲ ಅದೇ ಮಾತು. ಆ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ವಿಚಾರಣೆ ಗೋಪ್ಯ; ತಂದೆತಾಯಿಯೋ ಮಗು ನಂಬಿದವರೋ ಜೊತೆಗಿರಬಹುದು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಆ ಪ್ರಕರಣದಲ್ಲಿ ಖುಲಾಸೆ ಮಾಡಿತು. ಸಾಕ್ಷ್ಯದ ಒಂದು ಮಾತನ್ನೂ ಕೇಳದ ನಾವು ಮೊದಲ ವಾರದಲ್ಲೇ ತೀರ್ಪು ಕೊಟ್ಟಿದ್ದೆವು. ಕೆಲವರು ಅವರು ತಪ್ಪಿತಸ್ಥರೆಂದರು, ಕೆಲವರು ಹುಡುಗಿಯರು ಸುಳ್ಳು ಹೇಳುತ್ತಿದ್ದಾರೆಂದರು. ಬಾಗಿಲು ಮುಚ್ಚಿದಾಗ ಮಗುವಿಗೆ ರಕ್ಷಣೆ ಸಿಗುತ್ತದೆ, ಆದರೆ ಊಹೆಗೂ ಜಾಗ ಸಿಗುತ್ತದೆ. ಅದಕ್ಕೇ ಮಗುವಿನ ಹೆಸರು ಮುಚ್ಚಿರಲಿ, ತೀರ್ಪಿನ ಕಾರಣಗಳು ತೆರೆದಿರಲಿ ಎನ್ನುತ್ತೇನೆ. ನ್ಯಾಯಾಧೀಶರು ಹೇಗೆ ಯೋಚಿಸಿದರು ಎಂದು ತಿಳಿಯುವುದು ಊರಿನ ಹಕ್ಕು. ಮಗು ಹೇಗೆ ಅತ್ತಿತು ಎಂದು ತಿಳಿಯುವುದು ಹಕ್ಕಲ್ಲ.

ಇಷ್ಟಾದರೂ ಕೋರ್ಟು ತನ್ನ ಬಾಗಿಲನ್ನು ಮಾತ್ರ ಮುಚ್ಚಬಲ್ಲದು. ಮಗುವಿನ ಗುರುತು ಪ್ರಕಟಿಸಬಾರದೆಂದು 74ನೇ ಸೆಕ್ಷನ್ ಪತ್ರಿಕೆಯ ಬಾಯಿ ಕಟ್ಟುತ್ತದೆ. ಕಟ್ಟೆಯ ಬಾಯನ್ನು ನಾವೇ ಕಟ್ಟಿಕೊಳ್ಳಬೇಕು.

ಸಂಜೆ ಊರಲ್ಲಿ ಬಸ್ಸಿಳಿದಾಗ ಯಾರೋ ಕೇಳಿದರು, ‘ಏನಾತು ಅಲ್ಲಿ?’ ಹುಡುಗ ಅಜ್ಜಿಯ ಹಿಂದೆ ನಿಂತಿದ್ದ.

‘ನಂಗೇನು ಗೊತ್ತು, ನಾನು ಹೊರಗೆ ಕೂತಿದ್ದೆ’ ಎಂದೆ.

ನಿಜವನ್ನೇ ಹೇಳಿದ್ದೆ. ಹುಡುಗ ಆ ದಿನ ಮೊದಲ ಸಲ ನನ್ನ ಮುಖ ನೋಡಿದ.